ಹೆಸರು ಹೇಳಿದವಳು

ಫೋನು ಬಂದಾಗ ಯತ್ತಪ್ಪ ಕುದಾಪುರದಾಚೆ ಉದ್ದದ ಕಾಂಪೌಂಡ್ ಗೋಡೆಯ ಪಕ್ಕ ಕುರಿ ನಿಲ್ಲಿಸಿಕೊಂಡಿದ್ದ. ಆ ಗೋಡೆಯ ಒಳಗೆ ಏನು ನಡೆಯುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಹೊತ್ತು ಇಳಿದ ಮೇಲೆ ಅದರ ನೆರಳು ಎಲ್ಲಿಯವರೆಗೆ ಚಾಚುತ್ತದೆ, ಯಾವ ಮೂಲೆಯಲ್ಲಿ ಫೋನಿಗೆ ಜೀವ ಬರುತ್ತದೆ ಎನ್ನುವುದಷ್ಟೇ ಗೊತ್ತಿತ್ತು.

"ಯತ್ತಪ್ಪನೋರಾ? ಚಳ್ಳಕೆರೆ ಆಸ್ಪತ್ರೆಯಿಂದ ಮಾತಾಡ್ತಿರೋದು," ಎಂದಿತು ಒಂದು ಹೆಣ್ಣುದನಿ. "ರಾಂಪುರದ ಕಡೆ ರೇಣುಕಮ್ಮ ಅನ್ನೋರು ನಿಮ್ಮ ಹೆಸರು ಹೇಳಿದಾರೆ. ನಾಳೆ ಬೆಳಿಗ್ಗೆನೇ ಬನ್ನಿ. ನೀವು ಒಪ್ಪೋದಾದ್ರೆ ಒಂದು ಸಹಿ..." ಅಷ್ಟರಲ್ಲಿ ಗಾಳಿ ಬೀಸಿತೋ, ಫೋನೇ ಸತ್ತಿತೋ, ಮಿಕ್ಕದ್ದು ಕೇಳಲಿಲ್ಲ.

ಕುರಿ ಕಾಯುವವನಿಗೆ 'ನಿಮ್ಮ ಹೆಸರು ಹೇಳಿದಾರೆ, ಬಂದು ಸಹಿ ಹಾಕಿ' ಎನ್ನುವ ಮಾತಿಗೆ ಇರುವುದು ಒಂದೇ ಅರ್ಥ: ಕುರಿ ಯಾರದೋ ಹೊಲ ಮೇಯ್ದಿದೆ. ಬೇಸಿಗೆಯಲ್ಲಿ ಅವನು ಹಟ್ಟಿಯ ಕುರಿಗಳನ್ನೆಲ್ಲ ಕೂಡಿಸಿಕೊಂಡು ರಾಂಪುರದ ಸುತ್ತಿನ ಹೊಲಗಳಲ್ಲಿ ಗೊಬ್ಬರಕ್ಕೆಂದು ಮಂದೆ ತರುಬಲು ಹೋಗುವುದುಂಟು. ಆಗ ಎಲ್ಲೋ ಯಾರದೋ ಶೇಂಗಾ ಬಳ್ಳಿಗೆ ಬಾಯಿ ಹಾಕಿರಬೇಕು.

ಹಟ್ಟಿಯ ಹಿರಿಯ ಚಿಕ್ಕೀರಪ್ಪ ಬೇವಿನ ಕಟ್ಟೆಯ ಮೇಲೆ ಕೂತು ನ್ಯಾಯ ಹೇಳಿದ. "ಅವರು ಬಾಯಿ ಬಿಡೋ ಮುಂಚೆ ನೀನೇ ಒಂದು ಮರಿ ಹಿಡ್ಕೊಂಡು ಹೋಗಿ ಕೈ ಮುಗಿದ್ರೆ ಮರಿಯಲ್ಲೇ ಮುಗೀತೈತೆ. ಅವರು ಕೇಳೋವರೆಗೂ ಸುಮ್ನಿದ್ರೆ ಟಗರಾಗ್ತೈತೆ."

"ಹೊಲ ಮೇಯ್ದಿದ್ದಕ್ಕೆ ಆಸ್ಪತ್ರೆಯೋರು ಯಾಕೆ ಫೋನ್ ಮಾಡ್ತಾರೆ ಮಾವ?" ಎಂದಳು ಯತ್ತಪ್ಪನ ಹೆಂಡತಿ ಕ್ಯಾತಮ್ಮ.

"ಹೊಲದಾಕೆಗೆ ಹೊಲ ನೋಡಿ ಎದೆ ಒಡೆದಿರ್ಬೇಕು."

"ಯಾವಳೋ ಹೆಂಗಸು ನನ್ನ ಗಂಡನ ಹೆಸರು ಹೇಳವಳೆ ಅಂದ್ರೆ ನಾನೂ ಹೋಗ್ತೀನಪ್ಪ," ಎಂದು ಕ್ಯಾತಮ್ಮ ಸೆರಗು ಕೊಡವಿ ಎದ್ದಳು.

ಹಾಗೆ ಮರುದಿನ ಗಂಡ, ಹೆಂಡತಿ, ಒಂದು ಕಪ್ಪು ಮರಿ ಚಳ್ಳಕೆರೆಯಲ್ಲಿ ಬಸ್ಸಿಳಿದರು. ಎಣ್ಣೆ ಮಿಲ್ಲಿನ ಹಿಂಡಿಯ ವಾಸನೆ ಊರಿಗೆಲ್ಲ ಹಬ್ಬಿತ್ತು. ಯತ್ತಪ್ಪ ಫೋನು ತೋರಿಸಿದಾಗ ಆಟೋದವನು ಆ ನಂಬರಿಗೆ ತಾನೇ ಮಾತಾಡಿ ದಾರಿ ಕೇಳಿಕೊಂಡ. ಆಮೇಲೆ ದಾರಿಯುದ್ದಕ್ಕೂ ಕನ್ನಡಿಯಲ್ಲಿ ಇವರಿಬ್ಬರನ್ನು ನೋಡುತ್ತಲೇ ಇದ್ದ. ಯಾಕೆ ಹಾಗೆ ನೋಡಿದನೆಂದು ಆಸ್ಪತ್ರೆಯ ಗೇಟಿನ ಮುಂದೆ ಇಳಿದ ಮೇಲೆ ಗೊತ್ತಾಯಿತು. ಬೋರ್ಡು ಓದಲು ಬಾರದಿದ್ದರೂ ಅದರ ಮೇಲೆ ಬರೆದಿದ್ದ ಮನುಷ್ಯನ ತಲೆಯ ಚಿತ್ರ ಕ್ಯಾತಮ್ಮನಿಗೆ ಅರ್ಥವಾಯಿತು.

"ಇದು ತಲೆ ಕಾಯಿಲೆ ಆಸ್ಪತ್ರೆ. ನಿನ್ನನ್ನೇ ಒಳಗೆ ಹಾಕ್ಕೊಂಡ್ರೆ ಕುರಿ ಯಾರು ಕಾಯೋದು?"

"ನೀನು ಕಾಯಿ. ಹೆಂಗೂ ಕುರಿಗೆ ನನಗಿಂತ ನೀನಂದ್ರೇ ಭಯ."

ಗೇಟಿನ ಕಾವಲುಗಾರ ಹೊನ್ನೂರಸ್ವಾಮಿ ಮರಿಯನ್ನು ಒಳಗೆ ಬಿಡಲಿಲ್ಲ. "ಇಲ್ಲಿಗೆ ಹಣ್ಣು ತರ್ತಾರೆ, ಬ್ರೆಡ್ ತರ್ತಾರೆ. ಮರಿ ತಂದೋರು ನೀವೇ ಮೊದಲು," ಎಂದ. ಕ್ಯಾತಮ್ಮ ಮರಿಯನ್ನು ಮಡಿಲಿಗೆ ಹಾಕಿಕೊಂಡು ಅವನ ಕುರ್ಚಿಯ ಪಕ್ಕದ ನೆರಳಿನಲ್ಲೇ ಕೂತುಬಿಟ್ಟಳು. ಯತ್ತಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದ.

ಫೋನು ಮಾಡಿದ್ದ ಹೆಣ್ಣುಮಗಳು ನರ್ಸ್ ಸ್ವಪ್ನ. ಮೊಳಕಾಲ್ಮೂರಿನವಳಂತೆ, ಒಂದು ಕಡೆ ಕನ್ನಡದಲ್ಲಿ ಮಾತಾಡುತ್ತಲೇ ಇನ್ನೊಂದು ಕಡೆ ತೆಲುಗಿನಲ್ಲಿ ಯಾರಿಗೋ ಗದರುತ್ತಿದ್ದಳು. ಯತ್ತಪ್ಪ ಕೂರುವ ಮೊದಲೇ ಕೈಮುಗಿದ. "ಹೊಲ ಮೇಯ್ದಿದ್ರೆ ತಪ್ಪಾತು ತಾಯಿ. ಮರಿ ತಂದಿದೀನಿ, ಹೊರಗೈತೆ."

ಸ್ವಪ್ನಳಿಗೆ ಇದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಅವಳು ನಗಲಿಲ್ಲ. ತುಟಿ ಮಾತ್ರ ಬಿಗಿಹಿಡಿದಳು. "ಹೊಲದ ವಿಷಯ ಅಲ್ಲಪ್ಪ. ಕೂತ್ಕೊಳ್ಳಿ. ಆಯಮ್ಮ ಇಲ್ಲಿ ಸೇರಿದ ದಿನದಿಂದ ನಿಮಗೆ ಫೋನ್ ಹಚ್ತಾನೇ ಇದೀನಿ. ಸಿಕ್ಕಿದ್ದು ನಿನ್ನೆ."

ಅವಳು ನಿಧಾನವಾಗಿ ಹೇಳಿದಳು. ಈ ಆಸ್ಪತ್ರೆಗೆ ಸೇರುವವರು ಎರಡು ಥರ. ಕೆಲವರು ತಾವೇ ನಡೆದು ಬಂದು, ನನಗೆ ಹುಷಾರಿಲ್ಲ, ಸೇರಿಸಿಕೊಳ್ಳಿ ಎನ್ನುತ್ತಾರೆ. ಹಾಗೆ ಬಂದವರು ಹೋಗುತ್ತೇನೆ ಎಂದರೆ ಕಳಿಸಬೇಕು. ಅದಕ್ಕೆ ಮನೆಯವರ ಅಪ್ಪಣೆ ಬೇಡ. ಇನ್ನು ಕೆಲವರಿಗೆ ಕಾಯಿಲೆ ಏರಿ ತಮಗೆ ಏನಾಗುತ್ತಿದೆಯೆಂದೇ ತಿಳಿಯದಂತಾಗಿರುತ್ತದೆ, ಇಲ್ಲವೇ ಪ್ರಾಣಕ್ಕೆ ಸಂಚಕಾರ ಬಂದಿರುತ್ತದೆ. ಅಂಥವರ ಪರವಾಗಿ ಇನ್ನೊಬ್ಬರು ಅರ್ಜಿ ಕೊಟ್ಟರೆ, ಇಬ್ಬರು ಡಾಕ್ಟರುಗಳು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿ ಒಪ್ಪಿದರೆ, ಒಂದು ತಿಂಗಳವರೆಗೆ ಇಟ್ಟುಕೊಳ್ಳಬಹುದು.

"ಆ ಇನ್ನೊಬ್ಬರು ಯಾರು ಅಂತ ಕಾಯಿಲೆಯೋರೇ ಮುಂಚೆ ಹೆಸರು ಹೇಳಿಡಬಹುದು. ರೇಣುಕಮ್ಮ ತಾವೇ ಬಸ್ ಹತ್ಕೊಂಡು ಬಂದು ಸೇರಿದೋರು. ಸೇರೋವಾಗ್ಲೇ ನಿಮ್ಮ ಹೆಸರು ಹೇಳಿ ಬರೆಸಿದಾರೆ. ಆದ್ರೆ ನೀವು ಒಪ್ಪಿದ್ರೇನೇ ಅದು ನಡೆಯೋದು."

"ಆಯಮ್ಮಂಗೆ ಹಿಂದೆ ಮುಂದೆ ಯಾರೂ ಇಲ್ವಾ?"

"ಅಣ್ಣ ಇದಾರೆ. ಹೊರಗೆ ಬೆಂಚಿನ ಮೇಲೆ ಕೂತಿದಾರಲ್ಲ, ಅವರೇ."

"ಮತ್ತೆ ನಾನ್ಯಾಕೆ? ನಾನು ಆಯಮ್ಮನ್ನ ನೋಡೇ ಇಲ್ಲ."

"ಯಾಕೆ ಅಂತ ಅವರೇ ಹೇಳ್ಬೇಕು. ಕಾರಣ ಕೊಡ್ಲೇಬೇಕು ಅಂತ ಎಲ್ಲೂ ಇಲ್ಲ."

ಯತ್ತಪ್ಪನಿಗೆ ಹೆದರಿಕೆ ಹೋಗಿ ಆ ಜಾಗದಲ್ಲಿ ಬೇರೇನೋ ಬಂದು ಕೂತಿತು. ಸಂತೆಯಲ್ಲಿ ಗುರುತೇ ಇಲ್ಲದವನೊಬ್ಬ ಹಿಂದಿನಿಂದ ಹೆಸರು ಹಿಡಿದು ಕೂಗಿದ ಹಾಗೆ. ತಿರುಗಿ ನೋಡದೆ ಹೋಗುವುದು ಹೇಗೆ?

ಬೆಂಚಿನ ಮೇಲಿದ್ದ ಮಹಾಂತೇಶ ಎದ್ದು ಬಂದ. ಇಸ್ತ್ರಿ ಮಾಡಿದ ಅಂಗಿ, ಕಣ್ಣ ಕೆಳಗೆ ಕಪ್ಪು. ಇಡೀ ರಾತ್ರಿ ಬೈಕು ಓಡಿಸಿದವನ ಹಾಗೆ ಕಾಣುತ್ತಿದ್ದ.

"ನೀವೇನಾ ಯತ್ತಪ್ಪ ಅಂದ್ರೆ? ನಮಗೂ ನಿಮಗೂ ಏನು ಸಂಬಂಧ ಅಂತ ನಾನೂ ಯೋಚ್ನೆ ಮಾಡಿ ಮಾಡಿ ಸಾಕಾದೆ. ಹೋಗ್ಲಿ ಬಿಡಿ, ಒಂದು ಉಪಕಾರ ಮಾಡಿ. ನಿನ್ನೆಯಿಂದ ಹೋಗ್ತೀನಿ ಅಂತ ಹಟ ಹಿಡಿದವಳೆ. ಡಾಕ್ಟರಮ್ಮ ಒಂದು ದಿನ ತಡೆದವರೆ, ಪರೀಕ್ಷೆ ಮಾಡ್ಬೇಕು ಅಂತ. ಇವತ್ತು ಸಂಜೆಗೆ ಅದೂ ಮುಗೀತೈತೆ. ಆಮೇಲೆ ಇಟ್ಕೊಬೇಕು ಅಂದ್ರೆ ನಿಮ್ಮ ಸಹಿ ಬೇಕಂತೆ. ನಂದು ನಡೆಯಲ್ವಂತೆ. ಒಡಹುಟ್ಟಿದವನದು ನಡೆಯಲ್ಲ, ಕುರಿ ಕಾಯೋರದು ನಡೀತೈತೆ. ನೋಡಿ ಹೆಂಗೈತೆ."

"ಹುಷಾರಾಗಿದ್ರೆ ಕಳಿಸ್ಲಿ ಬಿಡಿ."

"ಹುಷಾರು ಅಂದ್ರೆ ಯಾವಾಗ? ಮೂರು ತಿಂಗಳು ಚೆನ್ನಾಗಿರ್ತಾಳೆ. ಆಮೇಲೆ ನಿದ್ದೆ ಬಿಡ್ತಾಳೆ, ಹಾಡ್ತಾಳೆ, ನಡೀತಾಳೆ." ಮಹಾಂತೇಶ ದನಿ ತಗ್ಗಿಸಿದ. "ಗುರುವಾರ ನನ್ನ ಮಗಳು ಶಿಲ್ಪಂದು ನಿಶ್ಚಿತಾರ್ಥ. ಹೋದ ವರ್ಷ ಒಬ್ಬರು ನೋಡಾಕೆ ಬಂದಾಗ ಇವಳು ಅಂಗಳದಲ್ಲಿ ಕೂತು ಹಾಡೋಕೆ ಶುರು ಮಾಡಿದ್ಲು. ಅವರು ಉಪ್ಪಿಟ್ಟು ತಟ್ಟೆಲೇ ಬಿಟ್ಟು ಎದ್ದೋದ್ರು. ನಾನು ಕೆಟ್ಟೋನಲ್ಲ. ಅವಳ ಗಂಡ ಬಿಟ್ಟೋದ ಮೇಲೆ ಅವಳನ್ನ ನೋಡ್ಕೊಂಡೋನು ನಾನೇ. ಒಂದು ತಿಂಗಳು ಇಲ್ಲಿದ್ರೆ ಸಾಕು. ಊಟ ಐತೆ, ಫ್ಯಾನ್ ಐತೆ."

ಆ ಮನುಷ್ಯನ ಆಯಾಸ ನಿಜವಾದದ್ದೆಂದು ಯತ್ತಪ್ಪನಿಗೆ ಅನಿಸಿತು.

ಡಾಕ್ಟರಮ್ಮನ ಕೋಣೆಯಲ್ಲಿ ಗೋಡೆಯ ತುಂಬ ರೋಗಿಗಳ ಹಕ್ಕುಗಳೆಂದು ದಪ್ಪಕ್ಷರದ ಹಲಗೆ ಹಾಕಿದ್ದರು. ಡಾಕ್ಟರಮ್ಮ ಕಡಿಮೆ ಮಾತಿನವರು. "ನಿದ್ದೆ ಬರ್ತಿದೆ, ಊಟ ಮಾಡ್ತಿದ್ದಾರೆ. ಆದ್ರೆ ನಿನ್ನೆ ನಾಲ್ಕು ಗಂಟೆ ಹೊತ್ತಿಗೆ, ಈ ಬಿಸಿಲಲ್ಲಿ ಇಲ್ಲಿಂದ ನಡ್ಕೊಂಡೇ ಹೋಗ್ತೀನಿ ಅಂದಿದ್ದಾರೆ. ಹಿಂದೆ ಹಾಗೆ ನಡೆದು ಹೆದ್ದಾರಿಗೆ ಹೋಗಿದ್ದರಂತೆ. ಅದಕ್ಕೇ ತಡೆದೆ. ಮಧ್ಯಾಹ್ನ ಇನ್ನೊಬ್ಬ ಡಾಕ್ಟರು ನೋಡೋಕೆ ಬರ್ತಾರೆ. ನಮ್ಮ ಅಭಿಪ್ರಾಯ ನಾವು ಹೇಳ್ತೀವಿ. ಆದ್ರೆ ಅರ್ಜಿ ಕೊಡೋದು, ಬಿಡೋದು ನಿಮ್ಮದು. ಮೊದಲು ಅವರ ಹತ್ರ ಮಾತಾಡಿ."

ಒಳಗಿನ ಅಂಗಳದಲ್ಲಿ ಆಯಾ ನೆಲ ಒರೆಸುತ್ತಿದ್ದಳು. ಅದರಾಚೆಯ ಬಾಗಿಲಿನಿಂದ ನಲವತ್ತು ದಾಟಿದ ಹೆಂಗಸೊಬ್ಬಳು ಬಂದಳು. ತನ್ನದೇ ಸೀರೆ, ಬಿಗಿಯಾಗಿ ಹೆಣೆದ ಜಡೆ. ಯತ್ತಪ್ಪನಿಗೆ ಮುಖ ಗುರುತು ಹತ್ತಲಿಲ್ಲ. ಅವಳು ನಾಲ್ಕು ಹೆಜ್ಜೆ ಹಾಕಿದಾಗ ಹೆಗಲು ಮುಂದೆ ಮಾಡಿ ನಡೆಯುವ ಆ ನಡಿಗೆ ಗುರುತು ಹತ್ತಿತು. ಆ ಹೆಗಲನ್ನು ಹಿಂದಿನಿಂದ ಒಂದು ಹಗಲೆಲ್ಲ ನೋಡಿದ್ದನಲ್ಲ.

ಅದು ಎರಡು ಬೇಸಿಗೆಯ ಹಿಂದಿನ ಮಾತು. ರಾಂಪುರದ ಹೊರಗೆ ಮಂದೆ ತರುಬಿದ್ದರು. ಬೆಳಕು ಹರಿಯುವಾಗ ಕೂದಲು ಬಿಚ್ಚಿಕೊಂಡ ಹೆಂಗಸೊಬ್ಬಳು ಮಂದೆಯ ನಡುವೆಯೇ ಹಾದು, ತೆಲುಗಿನಲ್ಲಿ ಯಾರ ಜೊತೆಗೋ ಜಗಳವಾಡುತ್ತ, ಬಯಲಿಗೆ ಬಿದ್ದು ನಡೆಯತೊಡಗಿದಳು. ಬರಿಗಾಲು. ಜಾಲಿಮುಳ್ಳು ತುಳಿದರೂ ತಿಳಿಯುತ್ತಿರಲಿಲ್ಲ. ಯತ್ತಪ್ಪ ಕುರಿಗಳನ್ನು ಕ್ಯಾತಮ್ಮನಿಗೆ ಒಪ್ಪಿಸಿ ಹಿಂದೆ ಹೋದ. ಜ್ವರ ಬಂದ ಕುರಿ ಹಿಂಡು ಬಿಟ್ಟು ಹೊರಟರೆ ಅಟ್ಟಿಸಿಕೊಂಡು ಹೋಗಬಾರದು. ಅಟ್ಟಿಸಿದರೆ ಬಾವಿಗೆ ಬೀಳುತ್ತದೆ. ಅದಕ್ಕೆ ಕಾಣದಷ್ಟು ದೂರವೂ ಅಲ್ಲ, ಬೆದರುವಷ್ಟು ಹತ್ತಿರವೂ ಅಲ್ಲ, ಹಾಗೆ ಹಿಂದೆ ಹೋಗುತ್ತಿರಬೇಕು. ದಣಿದಾಗ ಅದೇ ನಿಲ್ಲುತ್ತದೆ. ಅವನಿಗೆ ಗೊತ್ತಿದ್ದ ದಾರಿ ಅದೊಂದೇ. ಅದನ್ನೇ ಮಾಡಿದ. ನೆತ್ತಿಗೆ ಬಿಸಿಲು ಬರುವ ಹೊತ್ತಿಗೆ ಅವಳು ಬಳ್ಳಾರಿ ರಸ್ತೆಗೆ ಹತ್ತಿದಳು. ಎದುರಿಗೆ ಲಾರಿ. ಕೂಗಿದರೆ ಕೇಳುವ ಸ್ಥಿತಿಯಿಲ್ಲ. ಜಾಲಿಕಾಯಿ ಉದುರಿಸುವ ಕೊಕ್ಕೆಕೋಲನ್ನು ಚಾಚಿ ಅವಳ ಸೀರೆಯ ನಡುವಿಗೆ ಹಾಕಿ ಎಳೆದ. ಅವಳು ಮಣ್ಣಿಗೆ ಬಿದ್ದು, ಎದ್ದು ಕೂತು, ಅವನ ಏಳು ತಲೆಮಾರನ್ನು ತೆಲುಗಿನಲ್ಲಿ ಜಾಲಾಡಿದಳು. ಆಮೇಲೆ ನೀರು ಕುಡಿದಳು. ಹೊತ್ತು ಮುಳುಗುವ ಮುಂಚೆ ತಾನೇ ಊರ ಕಡೆ ತಿರುಗಿದಳು. ಮನೆ ತಲುಪಿದ ಮೇಲೆ, ನಮ್ಮ ಹೊಲಕ್ಕೂ ಮಂದೆ ಬೇಕಾಗಬಹುದು ಎಂದು ಹೇಳಿ ಅವನ ಹೆಸರು ಕೇಳಿ, ಫೋನ್ ನಂಬರು ಇಸಿದುಕೊಂಡಿದ್ದಳು. ಅವಳ ಹೆಸರನ್ನು ಅವನು ಕೇಳಿರಲಿಲ್ಲ.

"ಏಮಯ್ಯಾ, ಬಂದ್ಯಾ?" ಎಂದಳು ರೇಣುಕಮ್ಮ. "ಕೋಲು ಎಲ್ಲಿ?"

"ಮನೇಲೈತೆ. ಇಲ್ಲಿ ಮರೀನೇ ಒಳಗೆ ಬಿಡ್ಲಿಲ್ಲ, ಕೋಲು ಬಿಡ್ತಾರಾ?"

ಇಬ್ಬರೂ ಅಂಗಳದ ಕಟ್ಟೆಯ ಮೇಲೆ ಕೂತರು. ಸ್ವಪ್ನ ಸ್ವಲ್ಪ ದೂರದಲ್ಲಿ ಔಷಧಿ ಎತ್ತಿಡುತ್ತಿದ್ದಳು. ಬೆಳಿಗ್ಗೆಯಿಂದ ಕೇಳಬೇಕೆಂದಿದ್ದನ್ನು ಯತ್ತಪ್ಪ ಕೇಳಿಯೇಬಿಟ್ಟ. "ನನ್ನ ಹೆಸರು ಯಾಕೆ ಹೇಳಿದೆ ತಾಯಿ? ನಾನು ಹಿಡಿದು ನಿಲ್ಲಿಸ್ಲಿಲ್ಲ ಅಂತಲಾ? ಹೋಗ್ತೀನಿ ಅಂದ್ರೆ ಬಿಟ್ಬಿಡ್ತಾನೆ ಅಂತಲಾ?"

"ಬಿಟ್ಬಿಡೋರು ಬೇಕಾಗಿದ್ರೆ ನನ್ನ ಗಂಡನ ಹೆಸರೇ ಹೇಳ್ತಿದ್ದೆ." ಅವಳು ಜಡೆಯನ್ನು ಮುಂದಕ್ಕೆ ಹಾಕಿಕೊಂಡಳು. "ಅವತ್ತು ಅಷ್ಟು ದೂರ ಬಂದ್ಯಲ್ಲ, ಬಯಲಲ್ಲಿ ಯಾಕೆ ಅಡ್ಡ ಹಾಕ್ಲಿಲ್ಲ?"

"ಅಡ್ಡ ಹಾಕಿದ್ರೆ ನೀನು ಓಡ್ತಿದ್ದೆ."

"ರೋಡಲ್ಲಿ ಯಾಕೆ ಎಳೆದೆ?"

"ಲಾರಿ ಬಂತು."

"ಅಷ್ಟೇ. ನಮ್ಮಣ್ಣ ಹೊಸಿಲಲ್ಲೇ ಎಳೀತಾನೆ. ಲಾರಿ ಬರೋ ಹೊತ್ತಿಗೆ ಸುಸ್ತಾಗಿ ಮಲಗಿರ್ತಾನೆ. ಪಾಪ, ಅವನ ತಪ್ಪಲ್ಲ."

ಯತ್ತಪ್ಪ ತಲೆ ಕೆರೆದುಕೊಂಡ. ಇದು ಅವನು ಅಂದುಕೊಂಡು ಬಂದದ್ದಲ್ಲ. ಬಿಡುವವನೆಂದು ತನ್ನನ್ನು ಕರೆಸಿದ್ದರೆ ಕೆಲಸ ಸುಲಭವಿತ್ತು, ಹಿಡಿಯುವವನೆಂದು ಕರೆಸಿದ್ದರೂ ಸುಲಭವೇ. ಯಾವಾಗ ಯಾವುದು ಎಂದು ನೋಡಲು ಕರೆಸಿದ್ದಾಳೆ. ಬಯಲಿನಲ್ಲಾದರೆ ಲಾರಿ ಕಣ್ಣಿಗೆ ಕಾಣುತ್ತದೆ. ಇಲ್ಲಿ ಹೇಗೆ ಕಾಣಬೇಕು?

"ಈ ಬಿಸಿಲಲ್ಲಿ ನಡ್ಕೊಂಡೇ ಹೋಗ್ತೀನಿ ಅಂದ್ಯಂತೆ?"

"ಅಂದೆ. ಬರೋವಾಗ ತಂದಿದ್ದ ದುಡ್ಡನ್ನ ನಮ್ಮಣ್ಣ ನೋಡೋಕೆ ಬಂದಾಗ ಇಸ್ಕೊಂಡು ಜೇಬಿಗೆ ಹಾಕ್ಕೊಂಡವನೆ. ಬಸ್ ಚಾರ್ಜಿಗೆ ಕೊಡು ಅಂದ್ರೆ ಕೊಡಲ್ಲ ಅಂದ. ಇನ್ನೇನು ಹಾರ್ಕೊಂಡು ಹೋಗ್ಲಾ?"

ಔಷಧಿ ಎತ್ತಿಡುತ್ತಿದ್ದ ಸ್ವಪ್ನಳ ಕೈ ನಿಂತಿತು. "ಇದನ್ನ ನೀವು ನಿನ್ನೆ ಹೇಳ್ಲೇ ಇಲ್ಲವಲ್ಲ ರೇಣುಕಮ್ಮ?"

"ನಡ್ಕೊಂಡು ಹೋಗ್ತೀನಿ ಅಂತಿದ್ದಂಗೇ ಎಲ್ಲರೂ ಬರ್ಕೊಳ್ಳೋಕೆ ಶುರು ಮಾಡಿದ್ರಿ. ಯಾಕೆ ಅಂತ ಒಬ್ಬರಾದ್ರೂ ಕೇಳಿದ್ರಾ?"

ಸ್ವಪ್ನ ಔಷಧಿಯನ್ನು ಅಲ್ಲೇ ಬಿಟ್ಟಳು. ನೇರ ಡಾಕ್ಟರಮ್ಮನ ಕೋಣೆಯ ಕಡೆ ಹೋದಳು.

ಯತ್ತಪ್ಪ ಮಾತ್ರ ಏಳಲಿಲ್ಲ. ಒಂದು ಮಾತಿಗೆ ಸರಿಯಾದ ಉತ್ತರ ಸಿಕ್ಕಿತೆಂದು ಎಲ್ಲವೂ ಸರಿಯಿರಬೇಕೆಂದೇನಿಲ್ಲ. ಅವಳು ಮಾತಾಡುವ ವೇಗ ಅವನಿಗೆ ಹೆಚ್ಚೆನಿಸಿತು, ಬೆರಳುಗಳು ಸುಮ್ಮನಿರುತ್ತಿರಲಿಲ್ಲ. ಅವನು ಬಿಡಿಬಿಡಿಯಾಗಿ ಕೇಳುತ್ತ ಹೋದ. ಹೋಗುವುದು ಎಲ್ಲಿಗೆ? ಅಣ್ಣನ ಮನೆಗಲ್ಲ, ಮೊಳಕಾಲ್ಮೂರಿಗೆ, ದ್ರಾಕ್ಷಾಯಣಮ್ಮನ ಮನೆಗೆ. ಅವಳು ಯಾರು? ಮಗ್ಗದಲ್ಲಿ ಜೊತೆ ಕೂರುವವಳು. ರೇಷ್ಮೆ ಸೀರೆಯ ಅಂಚಿಗೆ ಆ ಕಡೆ ಒಬ್ಬರು, ಈ ಕಡೆ ಒಬ್ಬರು ಕೂತು ಲಾಳಿ ಆಡಿಸಬೇಕು. ಇವಳಿಲ್ಲದೆ ಅರ್ಧ ಸೀರೆ ಮಗ್ಗದ ಮೇಲೆ ಹಾಗೇ ನಿಂತಿದೆ. ಮಾತ್ರೆ? ರಾತ್ರಿ ಊಟವಾದ ಮೇಲೆ ಎರಡು, ಬೆಳಿಗ್ಗೆ ಒಂದು. ಬಿಟ್ಟರೆ ಮೊದಲು ಹೋಗುವುದು ನಿದ್ದೆ. ಈ ಸಲ ನಿದ್ದೆ ಹೋದ ಮೂರನೆಯ ದಿನವೇ ಬಸ್ಸು ಹತ್ತಿದ್ದಳು, ಯಾರೂ ಕಟ್ಟಿ ತರುವ ಮುಂಚೆ.

"ನಿಶ್ಚಿತಾರ್ಥಕ್ಕೆ?"

ರೇಣುಕಮ್ಮನ ಬೆರಳುಗಳು ನಿಂತವು. "ಹೋಗಲ್ಲ. ಶಿಲ್ಪನ್ನ ಎತ್ತಿ ಆಡಿಸಿದೋಳು ನಾನು. ನನ್ನಿಂದ ಅವಳಿಗೆ ತೊಂದ್ರೆ ಆಗ್ತೈತೆ ಅಂದ್ರೆ ನಾನೇ ದೂರ ಇರ್ತೀನಿ. ಅದನ್ನ ಅವನು ಕೇಳಿದ್ರೆ ಹೇಳ್ತಿದ್ದೆ. ಅವನು ಕೇಳೋಕೆ ಬರ್ಲಿಲ್ಲ, ಬೀಗ ಹಾಕ್ಸೋಕೆ ಬಂದ."

ಅಷ್ಟರಲ್ಲಿ ಅವಳಿಗೆ ಬಾಯಾರಿತು. ಎದ್ದು ನೀರಿನ ನಲ್ಲಿಯ ಕಡೆ ಹೊರಟಳು. ಆಯಾ ಒರೆಸಿದ ನೆಲ ಇನ್ನೂ ಒದ್ದೆಯಿತ್ತು. ರೇಣುಕಮ್ಮ ನೆರಿಗೆ ಎತ್ತಿಕೊಂಡು, ಒದ್ದೆಯನ್ನು ಬಳಸಿ, ಗೋಡೆಯಂಚಿನಲ್ಲಿ ಒಂದೊಂದೇ ಹೆಜ್ಜೆ ನೋಡಿ ಇಟ್ಟು ಹೋದಳು. ಅವತ್ತು ಮುಳ್ಳು ತುಳಿದರೂ ತಿಳಿಯದಿದ್ದ ಆ ಕಾಲುಗಳನ್ನೇ ಯತ್ತಪ್ಪ ನೋಡುತ್ತಿದ್ದ. ಅದು ಡಾಕ್ಟರಿಗೆ ಹೇಳುವಂಥ ಗುರುತಲ್ಲ, ಹೇಳಲೂ ಇಲ್ಲ. ಅವನ ಮಟ್ಟಿಗೆ ಅದು ಸಾಕಾಯಿತು.

"ಒಂದು ಮಾತು," ಎಂದ ಅವಳು ಮರಳಿ ಬಂದಾಗ. "ನನ್ನ ಹೆಸರು ಇರ್ಲಿ ಅಂತ ಒಪ್ಕೊಂಡ್ರೆ, ನಾಳೆ ಒಂದಿನ ಲಾರಿ ಬಂದ್ರೆ ಸಹಿ ಹಾಕ್ತೀನಿ. ಆಗ ನನ್ನ ಬೈಬಾರ್ದು."

"ಬೈತೀನಿ."

"ಮತ್ತೆ?"

"ಬೈದ್ರೂ ಹಾಕು."

ಮಧ್ಯಾಹ್ನ ಇನ್ನೊಬ್ಬ ಡಾಕ್ಟರು ಬಂದು ಅವಳ ಜೊತೆ ಬಹಳ ಹೊತ್ತು ಕೂತರು. ಆಮೇಲೆ ಎಲ್ಲರನ್ನೂ ಕರೆದರು. ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು: ಕಾಯಿಲೆ ಪೂರ್ತಿ ಇಳಿದಿಲ್ಲ, ಇನ್ನೊಂದಷ್ಟು ದಿನ ಇದ್ದರೆ ಒಳ್ಳೆಯದೆಂದು ನಾವು ರೇಣುಕಮ್ಮನಿಗೇ ಹೇಳಿದ್ದೇವೆ, ಆದರೆ ತಾನು ಏನು ಮಾಡುತ್ತಿದ್ದೇನೆಂದು ಅವಳಿಗೆ ತಿಳಿಯುತ್ತಿದೆ. "ಇರೋದು ಒಳ್ಳೇದು ಅನ್ನೋದು ಬೇರೆ, ಹಿಡಿದು ಇಟ್ಕೊಳ್ಳೋದು ಬೇರೆ. ನೀವೇನಂತೀರಿ ಯತ್ತಪ್ಪ?"

ಮಹಾಂತೇಶ ಅವನ ಮುಖವನ್ನೇ ನೋಡುತ್ತಿದ್ದ. ಯತ್ತಪ್ಪನಿಗೆ ಆ ನೋಟವನ್ನು ಎದುರಿಸುವುದು ಕಷ್ಟವಾಯಿತು.

"ನನ್ನ ಹೆಸರು ಇರ್ಲಿ, ಒಪ್ತೀನಿ ತಾಯಿ. ಅರ್ಜಿ ಕೊಡಲ್ಲ."

ಮಹಾಂತೇಶ ಕುರ್ಚಿ ದೂಡಿ ಹೊರಗೆ ಹೋದ. ರೇಣುಕಮ್ಮ ತನ್ನ ಚೀಲ ತರಲು ಎದ್ದಳು. ಸ್ವಪ್ನ ಮಾತ್ರೆಗಳನ್ನು ಪೊಟ್ಟಣ ಕಟ್ಟಿ, ಮತ್ತೆ ಯಾವಾಗ ಬರಬೇಕೆಂದು ಎರಡು ಭಾಷೆಯಲ್ಲೂ ಹೇಳಿ, ದ್ರಾಕ್ಷಾಯಣಮ್ಮನಿಗೆ ಫೋನು ಹಚ್ಚಿ ಅವಳಿಗೂ ಅದನ್ನೇ ಹೇಳಿದಳು. ಯತ್ತಪ್ಪ ಒಪ್ಪಿಗೆಯ ಕಾಗದಕ್ಕೆ ಎಡಗೈ ಹೆಬ್ಬೆಟ್ಟೊತ್ತಿದ.

ಗೇಟಿನ ಹತ್ತಿರ ಕ್ಯಾತಮ್ಮ ರೇಣುಕಮ್ಮನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಓ, ನೀನಾ? ಅವತ್ತು ನಮ್ಮ ಮಂದೆ ತುಳ್ಕೊಂಡು ಹೋದೋಳು. ಇಡೀ ದಿನ ಕುರಿ ನನ್ನ ಮೇಲೆ ಹಾಕಿ ಈಯಪ್ಪ ನಿನ್ನ ಹಿಂದೆ ಬಂದ. ಮದುವೆ ಆದಾಗಿಂದ ನನ್ನ ಹಿಂದೆ ಅಷ್ಟು ದೂರ ಬಂದಿಲ್ಲ."

"ನೀನೂ ಒಂದ್ಸಲ ಹೆದ್ದಾರಿ ಹತ್ತಿ ನೋಡು," ಎಂದಳು ರೇಣುಕಮ್ಮ. ಇಬ್ಬರು ಹೆಂಗಸರೂ ನಕ್ಕರು. ಹೊನ್ನೂರಸ್ವಾಮಿಯೂ ಮುಖ ತಿರುಗಿಸಿ ನಕ್ಕ.

ಬಸ್‌ಸ್ಟ್ಯಾಂಡಿನಲ್ಲಿ ಮೊಳಕಾಲ್ಮೂರಿನ ಬಸ್ಸು ನಿಂತಿತ್ತು. ಎಲ್ಲಿಂದಲೋ ಬೈಕಿನಲ್ಲಿ ಬಂದ ಮಹಾಂತೇಶ ಜೇಬಿನಿಂದ ತಂಗಿಯ ದುಡ್ಡು ತೆಗೆದು ಅವಳ ಕೈಗಿಟ್ಟ. ಅವಳು ಅವನಿಗೆ ಏನೋ ಹೇಳಿದಳು. ಶಿಲ್ಪನ ಹೆಸರು ಮಾತ್ರ ಯತ್ತಪ್ಪನಿಗೆ ಕೇಳಿಸಿತು. ಮಹಾಂತೇಶ ತಲೆ ತಗ್ಗಿಸಿ ನಿಂತ. ಅವಳು ಬಸ್ಸು ಹತ್ತಿ ಬಿಸಿಲು ಬೀಳುವ ಬದಿಯ ಕಿಟಕಿಯಲ್ಲೇ ಕೂತಳು. ಆ ಬದಿ ಬೇಡವೆಂದು ಹೇಳಲು ಯತ್ತಪ್ಪ ಒಂದು ಹೆಜ್ಜೆ ಮುಂದಿಟ್ಟವನು ಅಲ್ಲೇ ನಿಂತ.

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ?" ಎಂದ ಮಹಾಂತೇಶ ಪಕ್ಕಕ್ಕೆ ಬಂದು. ದನಿಯಲ್ಲಿ ಸಿಟ್ಟಿಗಿಂತ ಅಳುಕು ಹೆಚ್ಚಿತ್ತು.

"ನನಗೆ ಫೋನ್ ಬರ್ತೈತೆ. ನಾನು ಬರ್ತೀನಿ. ನೀವೂ ಬನ್ನಿ."

"ಅಲ್ಲ, ಅವಳು ನಿಮಗೆ ಏನಾಗ್ಬೇಕು ಅಂತ ನೀವು ಬರೋದು?"

ಯತ್ತಪ್ಪ ಯೋಚಿಸಿದ. ಬೆಳಿಗ್ಗೆಯಿಂದ ಅವನೂ ಅದನ್ನೇ ಹುಡುಕುತ್ತಿದ್ದ.

"ಏನೂ ಆಗ್ಬೇಕಿಲ್ಲ. ನನ್ನ ಮನೇಲಿ ಮದುವೆ ಇಲ್ಲ, ನಿಶ್ಚಿತಾರ್ಥ ಇಲ್ಲ. ಅವಳು ಹಾಡಿದ್ರೆ ಎದ್ದೋಗೋ ಬೀಗರಿಲ್ಲ. ಅವಳು ಹೆಂಗವಳೆ ಅಂತ ನೋಡೋವಾಗ ಬೇರೇನೂ ಅಡ್ಡ ಬರಲ್ಲ. ಅದಕ್ಕೇ ಇರ್ಬೇಕು."

ಬಸ್ಸು ಹಿಂದಕ್ಕೆ ಸರಿದು, ತಿರುಗಿ, ಧೂಳೆಬ್ಬಿಸಿ ಹೊರಟಿತು. ತಾನು ಸರಿ ಮಾಡಿದೆನೋ ಇಲ್ಲವೋ ಎಂದು ಯತ್ತಪ್ಪನಿಗೆ ಆಗಲೂ ತಿಳಿಯಲಿಲ್ಲ. ಅದು ತಿಳಿಯಬೇಕಾದರೆ ಫೋನು ಸಿಗುವ ಕಡೆ ಇರಬೇಕು ಎಂದುಕೊಂಡು, ಇನ್ನು ಮೇಲೆ ಕುರಿಗಳನ್ನು ಯಾವ ದಿಕ್ಕಿಗೆ ಹೊಡೆಯುವುದೆಂದು ಲೆಕ್ಕ ಹಾಕತೊಡಗಿದ.